ಪುರುಸೊತ್ತಿಲ್ಲದ ವೃತ್ತಿಯಲ್ಲಿ ಮುಂದಾಲೋಚನೆಗೆ ಸಮಯ ಮಾಡಿಕೊಳ್ಳುವ ಬಗೆ

ಕಟ್ಟಡಗಳ ರಚನಾ ವಿನ್ಯಾಸ ಮಾಡುವ ಒಂದು ಸಣ್ಣ ಕಚೇರಿಯನ್ನು ನಾನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ಒಮ್ಮೆ ಸತತ ನಾಲ್ಕು ತಿಂಗಳು ನಮ್ಮಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಸೈಟ್‌ನಿಂದ ಕರೆ ಬರುತ್ತಿತ್ತು, ಮಧ್ಯಾಹ್ನವೆಲ್ಲ ಮೀಟಿಂಗ್, ಸಂಜೆಯ ಮೇಲೆ ಡ್ರಾಯಿಂಗ್ ತಿದ್ದುವ ಕೆಲಸ. ಆ ನಾಲ್ಕು ತಿಂಗಳ ಕೊನೆಗೆ ಒಂದೇ ವಾರದಲ್ಲಿ ಮೂರು ಯೋಜನೆಗಳ ಗಡುವು ಬಂದು ನಿಂತಿತು. ಡ್ರಾಯಿಂಗ್‌ಗಳನ್ನು ಕೊನೆಯದಾಗಿ ಪರಿಶೀಲಿಸಬಲ್ಲ ಒಬ್ಬರೇ ಹಿರಿಯ ಸಹೋದ್ಯೋಗಿ ಅದೇ ವಾರ ರಜೆಯ ಮೇಲೆ ಹೋದರು. ಮೂರೂ ಗಡುವುಗಳು ನಮ್ಮ ಡೈರಿಯಲ್ಲಿದ್ದವು, ಅವರ ರಜೆಯ ಅರ್ಜಿ ಎರಡು ತಿಂಗಳ ಹಿಂದೆಯೇ ನನ್ನ ಮೇಜಿಗೆ ಬಂದಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಹತ್ತು ನಿಮಿಷ ಸಾಕಾಗಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ ರಾತ್ರಿಯಿಡೀ ಕುಳಿತು ಕೆಲಸ ಮುಗಿಸಿದೆವು. ಒಂದು ಡ್ರಾಯಿಂಗ್ ತಪ್ಪಾಗಿಯೇ ಹೋಯಿತು, ಅದನ್ನು ಸರಿಪಡಿಸಲು ಮತ್ತೆರಡು ವಾರ ಹಿಡಿಯಿತು.

ಆ ಬಳಿಕ ಯೋಚಿಸಲೆಂದೇ ಸಮಯ ತೆಗೆದಿಡುವ ಪ್ರಯತ್ನವನ್ನು ಹಲವು ಬಗೆಯಲ್ಲಿ ಮಾಡಿ, ಹಲವು ಬಾರಿ ಸೋತು, ಕೊನೆಗೆ ಒಂದು ಕ್ರಮಕ್ಕೆ ಬಂದಿದ್ದೇನೆ. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು, ಶಾಲೆಯ ಮುಖ್ಯಸ್ಥರು, ತಂಡ ನಡೆಸುವವರು, ಯಾರಿಗಾದರೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಅದು ಹೊಂದುತ್ತದೆ ಎಂಬುದು ನನ್ನ ಅನುಭವ. ಮೊದಲೇ ಹೇಳಿಬಿಡುವ ಮಾತೊಂದಿದೆ: ಹೆಚ್ಚಿನವರು ಸಮಯ ಹೊಂದಿಸುವುದನ್ನೇ ಇಡೀ ಸಮಸ್ಯೆಯೆಂದು ಭಾವಿಸುತ್ತಾರೆ, ಆದರೆ ಕಷ್ಟಪಟ್ಟು ಹೊಂದಿಸಿದ ಸಮಯ ಹಾಳಾಗುವುದು ಬಹುಮಟ್ಟಿಗೆ ಕೈಯಲ್ಲಿ ಪ್ರಶ್ನೆಯಿಲ್ಲದೆ ಕುಳಿತುಕೊಳ್ಳುವುದರಿಂದ. ಆದ್ದರಿಂದ ಈ ಲೇಖನದಲ್ಲಿ ಐದನೆಯ ಹೆಜ್ಜೆಗೆ ಉಳಿದವುಗಳಿಗಿಂತ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲ ಹೆಜ್ಜೆ: ಒಂದು ವಾರದ ಲೆಕ್ಕ ಬರೆಯಿರಿ

ಸಮಯ ಎಲ್ಲಿ ಹೋಗುತ್ತಿದೆ ಎಂಬುದು ತನಗೆ ಗೊತ್ತಿದೆ ಎಂದು ಪ್ರತಿಯೊಬ್ಬರೂ ನಂಬಿರುತ್ತಾರೆ, ಆ ನಂಬಿಕೆ ಬಹುತೇಕ ತಪ್ಪಾಗಿರುತ್ತದೆ. ಮಾಮೂಲಿ ವಾರವೊಂದನ್ನು ಆರಿಸಿಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟದಂತೆ ಅರ್ಧ ಅರ್ಧ ಗಂಟೆಯ ಸಾಲು ಎಳೆದು, ಆಯಾ ಅರ್ಧ ಗಂಟೆಯಲ್ಲಿ ಏನು ಮಾಡಿದಿರಿ ಎಂಬುದನ್ನು ನಾಲ್ಕೈದು ಪದಗಳಲ್ಲಿ ಬರೆಯಿರಿ. ಸಂಜೆ ಕುಳಿತು ನೆನಪಿನಿಂದ ತುಂಬಿಸಬೇಡಿ. ನೆನಪು ನಮ್ಮನ್ನು ನಾವಿರುವುದಕ್ಕಿಂತ ಶಿಸ್ತಿನವರನ್ನಾಗಿ ತೋರಿಸುತ್ತದೆ. ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ನೀವೇ ಮಾಡಬೇಕಾದ ಕೆಲಸಕ್ಕೆ ಒಂದು, ಬೇರೆಯವರು ಮಾಡಬಹುದಾಗಿದ್ದ ಕೆಲಸಕ್ಕೆ ಇನ್ನೊಂದು, ಯಾರೂ ಮಾಡದಿದ್ದರೂ ನಡೆಯುತ್ತಿದ್ದ ಕೆಲಸಕ್ಕೆ ಮತ್ತೊಂದು.

ನನ್ನ ಮೊದಲ ಲೆಕ್ಕದಲ್ಲಿ ಒಂದು ಮಂಗಳವಾರದ ಪುಟ ಹೀಗಿತ್ತು. ಒಂಬತ್ತೂವರೆಗೆ ತೊಲೆಯೊಂದರ ಲೆಕ್ಕಾಚಾರ ಶುರು. ಒಂಬತ್ತು ಮುಕ್ಕಾಲಿಗೆ ಸೈಟ್‌ನಿಂದ ಕರೆ, ಕಂಬಿಯ ಅಳತೆ ಕೇಳಲು. ಉತ್ತರ ಅವರ ಕೈಯಲ್ಲಿದ್ದ ಡ್ರಾಯಿಂಗ್‌ನಲ್ಲೇ ಇತ್ತು. ಹತ್ತಕ್ಕೆ ಮತ್ತೆ ಅದೇ ತೊಲೆ, ಮೊದಲಿನಿಂದ. ಹತ್ತೂ ಇಪ್ಪತ್ತಕ್ಕೆ ಕಿರಿಯ ಎಂಜಿನಿಯರ್ ಬಾಗಿಲಲ್ಲಿ ನಿಂತು, ‘ಸರ್, ಎರಡೇ ನಿಮಿಷ’ ಎಂದ. ಅದು ಇಪ್ಪತ್ತೈದು ನಿಮಿಷವಾಯಿತು. ಹನ್ನೊಂದಕ್ಕೆ ಮೂರನೆಯ ಬಾರಿ ಅದೇ ತೊಲೆ. ನಲವತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಲೆಕ್ಕ ಊಟದ ಹೊತ್ತಿಗೂ ಮುಗಿದಿರಲಿಲ್ಲ. ವಾರದ ಕೊನೆಗೆ ಗುರುತುಗಳನ್ನು ಎಣಿಸಿದಾಗ, ಆರು ಗಂಟೆಗೂ ಹೆಚ್ಚು ಸಮಯ ಎರಡನೆಯ ಗುರುತಿನಡಿ ಬಿದ್ದಿತ್ತು. ನನಗೆ ಬೇಕಿದ್ದದ್ದು ವಾರಕ್ಕೆ ಎರಡು ಗಂಟೆ ಮಾತ್ರ.

ಇದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಮ್ ಇಟ್ಟುಕೊಳ್ಳಿ: ಕೆಲಸ ಆರಂಭಿಸುವ ಮೊದಲು ನಿಮ್ಮ ಅಂದಾಜು ಎಷ್ಟು, ಮುಗಿದಾಗ ಆದದ್ದು ಎಷ್ಟು. ಕೆಲಸಕ್ಕೆ ಬೇಕಾಗುವ ಸಮಯವನ್ನು ಮನುಷ್ಯರು ಕಡಿಮೆ ಅಂದಾಜಿಸುವುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ 1970ರ ದಶಕದಲ್ಲೇ ಗುರುತಿಸಿ ಹೆಸರಿಟ್ಟಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆ ಎಂದು ಅಂದಾಜಿಸಿದ್ದರು. ಎಲ್ಲವೂ ಅತಿ ಕೆಟ್ಟದಾಗಿ ನಡೆದರೆ 49 ದಿನ ಎಂದಿದ್ದರು. ನಿಜಕ್ಕೂ ಹಿಡಿದದ್ದು ಸುಮಾರು 55 ದಿನ. ಕೆಟ್ಟದ್ದನ್ನು ಊಹಿಸಿ ಹೇಳಿದ ಲೆಕ್ಕವೂ ಸಾಲದಾಗಿತ್ತು ಎಂಬುದನ್ನು ಗಮನಿಸಬೇಕು. ನಿಮ್ಮ ಅಂದಾಜು ಎಷ್ಟು ಪಟ್ಟು ತಪ್ಪುತ್ತದೆ ಎಂಬುದು ಒಂದು ವಾರದಲ್ಲೇ ಒಂದು ಮಟ್ಟಿಗೆ ಸಿಗುತ್ತದೆ, ಆ ಸಂಖ್ಯೆ ಮುಂದೆ ಪ್ರತಿ ಯೋಜನೆಗೂ ಬೇಕಾಗುತ್ತದೆ. ನನ್ನದು ಒಂದೂವರೆ ಪಟ್ಟಿನ ಆಸುಪಾಸು.

ಎರಡನೆಯ ಹೆಜ್ಜೆ: ದಿನವನ್ನು ಅಂಚಿನವರೆಗೆ ತುಂಬಬೇಡಿ

ಬಿಡುವಿಲ್ಲದ ದಿನವೇ ದುಡಿಮೆಯ ದಿನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಯಾಕೆ ತಪ್ಪು ಎಂಬುದನ್ನು ಗಣಿತವೇ ಹೇಳುತ್ತದೆ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಏ. ಕೆ. ಎರ್ಲಾಂಗ್ ಎಂಬ ಗಣಿತಜ್ಞ ಕರೆಗಳ ದಟ್ಟಣೆಯ ಕುರಿತ ತನ್ನ ಮೊದಲ ಪ್ರಬಂಧವನ್ನು 1909ರಲ್ಲಿ ಪ್ರಕಟಿಸಿದ. ಸರತಿ ಸಾಲಿನ ಗಣಿತ ಬೆಳೆದದ್ದು ಅಲ್ಲಿಂದ. ಕೆಲಸಗಳು ಹೇಳಿಕೇಳಿ ಬರದೆ ಮನಬಂದಂತೆ ಬರುತ್ತವೆ, ಮಾಡುವವರು ಒಬ್ಬರೇ ಎಂದಿಟ್ಟುಕೊಳ್ಳಿ. ಒಂದು ಕೆಲಸಕ್ಕೆ ಸರಾಸರಿ ಅರ್ಧ ಗಂಟೆ ಹಿಡಿಯುತ್ತದೆ. ನಿಮ್ಮ ಸಮಯದ ಶೇ. 80ರಷ್ಟು ತುಂಬಿದ್ದರೆ, ಹೊಸದಾಗಿ ಬಂದ ಕೆಲಸ ಸರಾಸರಿ ಎರಡು ಗಂಟೆ ಕಾಯಬೇಕಾಗುತ್ತದೆ. ಶೇ. 90 ತುಂಬಿದ್ದರೆ ನಾಲ್ಕೂವರೆ ಗಂಟೆ. ಶೇ. 95 ತುಂಬಿದ್ದರೆ ಒಂಬತ್ತೂವರೆ ಗಂಟೆ. ಕೊನೆಯ ಹದಿನೈದರಷ್ಟನ್ನು ತುಂಬಲು ಹೋಗಿ ಕಾಯುವಿಕೆಯನ್ನು ಐದು ಪಟ್ಟಿನ ಹತ್ತಿರಕ್ಕೆ ಏರಿಸಿರುತ್ತೇವೆ. ಕಾಯುತ್ತಿರುವವರು ಸುಮ್ಮನಿರುವುದೂ ಇಲ್ಲ, ‘ನಮ್ಮದು ಏನಾಯಿತು’ ಎಂದು ಫೋನ್ ಮಾಡುತ್ತಾರೆ. ಆ ಫೋನ್‌ಗೆ ಉತ್ತರಿಸುವುದೂ ಒಂದು ಕೆಲಸವಾಗಿ ಸಾಲಿಗೆ ಸೇರುತ್ತದೆ.

ಅಮೆರಿಕದ ಮಿಸೂರಿ ರಾಜ್ಯದ ಸೇಂಟ್ ಜಾನ್ಸ್ ಪ್ರಾದೇಶಿಕ ಆಸ್ಪತ್ರೆಯಲ್ಲಿ 32 ಶಸ್ತ್ರಚಿಕಿತ್ಸಾ ಕೊಠಡಿಗಳಿದ್ದವು, ಎಲ್ಲವೂ ಸದಾ ಭರ್ತಿ. ತುರ್ತು ರೋಗಿ ಬಂದಾಗಲೆಲ್ಲ ಮೊದಲೇ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಗುತ್ತಿತ್ತು, ವೈದ್ಯರು ನಡುರಾತ್ರಿಯವರೆಗೂ ದುಡಿಯಬೇಕಾಗುತ್ತಿತ್ತು. ಸಲಹೆಗಾರರೊಬ್ಬರು ಹೇಳಿದ್ದು ಕೇಳಲು ವಿಚಿತ್ರವಾಗಿತ್ತು: ಒಂದು ಕೊಠಡಿಯನ್ನು ಯಾವುದೇ ಪೂರ್ವನಿಗದಿತ ಕೆಲಸಕ್ಕೂ ಕೊಡದೆ ಖಾಲಿ ಇಡಿ. ಹಾಗೆ ಮಾಡಿದ ಮೇಲೆ ಆಸ್ಪತ್ರೆ ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹೆಚ್ಚಿತು. ಅನಿರೀಕ್ಷಿತವಾದದ್ದು ಬಂದೇ ಬರುತ್ತದೆ ಎಂಬುದಷ್ಟೇ ಅಲ್ಲಿ ನಿರೀಕ್ಷಿತವಾಗಿತ್ತು, ಅದಕ್ಕೊಂದು ಜಾಗ ಸಿಕ್ಕಿತು.

ನೀವು ಮಾಡಬೇಕಾದದ್ದು ಇಷ್ಟು: ಪ್ರತಿ ದಿನದಲ್ಲಿ ಎರಡು ಅರ್ಧ ಗಂಟೆಗಳನ್ನು, ಒಂದು ಊಟಕ್ಕೆ ಮುಂಚೆ, ಇನ್ನೊಂದು ಸಂಜೆಗೆ, ಏನನ್ನೂ ಬರೆಯದೆ ಖಾಲಿ ಬಿಡಿ. ಇದು ಯೋಚನೆಯ ಸಮಯವಲ್ಲ, ಹಠಾತ್ತಾಗಿ ಬರುವ ಕೆಲಸಗಳ ಸಮಯ. ಇದಿಲ್ಲದಿದ್ದರೆ ಬಂದದ್ದೆಲ್ಲ ಮೊದಲು ನುಂಗುವುದು ನೀವು ಯೋಚಿಸಲೆಂದು ತೆಗೆದಿಟ್ಟ ಗಂಟೆಯನ್ನೇ.

ಮೂರನೆಯ ಹೆಜ್ಜೆ: ನಿಮ್ಮೊಂದಿಗೆ ನೀವೇ ಭೇಟಿ ನಿಗದಿ ಮಾಡಿಕೊಳ್ಳಿ

ವಾರಕ್ಕೊಮ್ಮೆ ತೊಂಬತ್ತು ನಿಮಿಷ, ಪ್ರತಿ ದಿನದ ಕೊನೆಗೆ ಹತ್ತು ನಿಮಿಷ, ಮೂರು ತಿಂಗಳಿಗೊಮ್ಮೆ ಅರ್ಧ ದಿನ. ಇಷ್ಟರಿಂದ ಆರಂಭಿಸುವುದು ಒಳ್ಳೆಯದು. ದಿನಕ್ಕೆ ಎರಡು ಗಂಟೆ ಎಂದು ಹೊರಟವರು ಎರಡನೆಯ ವಾರದಲ್ಲೇ ಕೈಬಿಟ್ಟದ್ದನ್ನು ಕಂಡಿದ್ದೇನೆ, ನಾನೂ ಅವರಲ್ಲೊಬ್ಬ.

ಸಮಯ ಆರಿಸುವಾಗ ಎರಡು ವಿಷಯ ನೋಡಿ. ನಿಮ್ಮ ವಾರದ ಲೆಕ್ಕದ ಪುಟಗಳಲ್ಲಿ ಕರೆಗಳು ಅತಿ ಕಡಿಮೆ ಇದ್ದ ಹೊತ್ತು ಯಾವುದು, ನಿಮ್ಮ ತಲೆ ಚುರುಕಾಗಿರುವ ಹೊತ್ತು ಯಾವುದು. ಎರಡೂ ಕೂಡಿಬರುವ ಜಾಗ ಸಿಕ್ಕರೆ ಅದೃಷ್ಟ. ಕೂಡದಿದ್ದರೆ ತಲೆ ಚುರುಕಾಗಿರುವ ಹೊತ್ತನ್ನೇ ಹಿಡಿಯಿರಿ, ಕರೆಗಳನ್ನು ಬೇರೆ ರೀತಿಯಲ್ಲಿ ನಿಭಾಯಿಸಬಹುದು. ‘ಕೆಲಸ ಮುಗಿದ ಮೇಲೆ ಯೋಚಿಸುತ್ತೇನೆ’ ಎಂಬ ಏರ್ಪಾಡು ಎಂದೂ ನಡೆಯುವುದಿಲ್ಲ. ಇರುವಷ್ಟು ಸಮಯವನ್ನೂ ತುಂಬಿಕೊಳ್ಳುವಂತೆ ಕೆಲಸ ಹಿಗ್ಗುತ್ತದೆ ಎಂದು ಬ್ರಿಟಿಷ್ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1955ರಲ್ಲಿ ಬರೆದದ್ದು ಸರ್ಕಾರಿ ಕಚೇರಿಗಳನ್ನು ಗೇಲಿ ಮಾಡಲು, ಆದರೆ ಅದು ನಮ್ಮ ಶುಕ್ರವಾರದ ಸಂಜೆಗಳಿಗೂ ಅನ್ವಯಿಸುತ್ತದೆ.

ಹೊತ್ತು ಗೊತ್ತಾದ ಮೇಲೆ ಅದನ್ನು ಕ್ಯಾಲೆಂಡರಿನಲ್ಲಿ, ಇತರರಿಗೂ ಕಾಣುವಂತೆ, ಮೀಟಿಂಗ್ ಎಂದೇ ಬರೆಯಿರಿ. ‘ಬಿಡುವು’ ಎಂದು ಬರೆದರೆ ಯಾರಾದರೂ ಬಂದು ಕೂರುತ್ತಾರೆ. ಜೊತೆಗೆ ಒಂದು ವಾಕ್ಯವನ್ನೂ ಬರೆದಿಡಿ: ಈ ಹೊತ್ತಿಗೆ ನಿಜವಾಗಿಯೂ ತುರ್ತು ಕೆಲಸ ಬಂದರೆ ಇದನ್ನು ಗುರುವಾರ ನಾಲ್ಕು ಗಂಟೆಗೆ ಮಾಡುತ್ತೇನೆ. ಹೀಗೆ ‘ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರು ಬರಿಯ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಅದನ್ನು ನಡೆಸುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಿಂದ ಹಲವು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಭೇಟಿಯನ್ನು ಅದೇ ವಾರದೊಳಗೆ ಮುಂದೂಡಬಹುದು, ರದ್ದು ಮಾಡುವಂತಿಲ್ಲ. ಗ್ರಾಹಕರ ಭೇಟಿಗೆ ಇರುವ ನಿಯಮವೇ ಇದಕ್ಕೂ ಇರಲಿ.

ಇನ್ನೊಂದು ಸಣ್ಣ ಏರ್ಪಾಡು ಬಹಳ ಉಪಕಾರಿ. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಹಿಂದಿನದರ ಎಳೆ ಮನಸ್ಸಿಗೆ ಅಂಟಿಕೊಂಡೇ ಇರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಗಮನದ ಶೇಷ ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಹೀಗಾಗಿ ಭೇಟಿಗೆ ಹತ್ತು ನಿಮಿಷ ಮೊದಲು ಕೈಯಲ್ಲಿರುವ ಕೆಲಸ ನಿಲ್ಲಿಸಿ, ಅರ್ಧಕ್ಕೆ ಉಳಿದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಪ್ರತಿಯೊಂದರ ಮುಂದೆ ‘ಮುಂದೆ ಮಾಡಬೇಕಾದದ್ದು ಏನು, ಯಾವಾಗ’ ಎಂದು ಬರೆಯಿರಿ. ಮುಗಿಯದ ಕೆಲಸ ಮನಸ್ಸನ್ನು ಕೊರೆಯುವುದು ನಿಲ್ಲಲು ಅದನ್ನು ಮುಗಿಸಲೇಬೇಕೆಂದಿಲ್ಲ, ಯಾವಾಗ ಹೇಗೆ ಮುಗಿಸುತ್ತೇನೆ ಎಂಬುದು ಖಚಿತವಾದರೆ ಸಾಕಾಗುತ್ತದೆ ಎಂದು 2011ರ ಒಂದು ಅಧ್ಯಯನ ಕಂಡುಕೊಂಡಿದೆ. ದಿನದ ಕೊನೆಯ ಹತ್ತು ನಿಮಿಷದ ಉಪಯೋಗವೂ ಇದೇ.

ನಾಲ್ಕನೆಯ ಹೆಜ್ಜೆ: ಆ ಹೊತ್ತಿಗೆ ಕಾವಲು ಹಾಕಿ

ಅಮೆರಿಕದ ವಿಮಾನಯಾನ ನಿಯಮಗಳಲ್ಲಿ 1981ರಿಂದ ಒಂದು ಕಟ್ಟಳೆಯಿದೆ. ವಿಮಾನ 10,000 ಅಡಿಗಿಂತ ಕೆಳಗೆ ಹಾರುವಾಗ, ಏರುವಿಕೆ ಇಳಿಯುವಿಕೆಗಳ ಹೊತ್ತಿನಲ್ಲಿ, ಪೈಲಟ್‌ಗಳು ಹಾರಾಟಕ್ಕೆ ಸಂಬಂಧಿಸದ ಮಾತನ್ನಾಗಲಿ ಕೆಲಸವನ್ನಾಗಲಿ ಮಾಡುವಂತಿಲ್ಲ. ಪೈಲಟ್ ಮಾತಿಗೆ ಸಿಗುವುದಿಲ್ಲವೆಂದು ಯಾರೂ ಬೇಸರಿಸಿಕೊಳ್ಳುವುದಿಲ್ಲ, ಏಕೆಂದರೆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿದೆ, ಅದರ ಅವಧಿಯೂ ಗೊತ್ತಿದೆ. ನಿಮ್ಮ ಗಂಟೆಗೂ ಬೇಕಾದದ್ದು ಈ ಎರಡೇ.

ಮೊದಲು ತುರ್ತು ಎಂದರೇನು ಎಂಬುದನ್ನು ತಂಡದೊಂದಿಗೆ ಕುಳಿತು ಮೂರು ಸಾಲುಗಳಲ್ಲಿ ಬರೆಯಿರಿ. ನಮ್ಮ ಕಚೇರಿಯ ಮೂರು ಸಾಲುಗಳು ಇವು: ಯಾರಿಗಾದರೂ ಅಪಾಯವಿದ್ದರೆ, ಕಾಂಕ್ರೀಟ್ ಹಾಕುವುದು ಆರಂಭವಾಗಿ ನಡುವೆ ಸಂದೇಹ ಎದ್ದರೆ, ಅಂದೇ ಸಲ್ಲಿಸಬೇಕಾದ ಕಾಗದದ ಮೇಲೆ ನನ್ನ ಸಹಿಯೇ ಬೇಕಿದ್ದರೆ. ಉಳಿದದ್ದೆಲ್ಲ ತೊಂಬತ್ತು ನಿಮಿಷ ಕಾಯಬಲ್ಲದು. ಇದನ್ನು ಬರೆದು ಗೋಡೆಗೆ ಅಂಟಿಸಿದ ಮೊದಲ ವಾರ ಬಾಗಿಲು ನಾಲ್ಕು ಬಾರಿ ತಟ್ಟಿತು, ನಾಲ್ಕನೆಯ ವಾರ ಒಂದೂ ಇಲ್ಲ. ತಟ್ಟಿದವರ ಪ್ರಶ್ನೆಗಳಿಗೆ ಅವರೇ ಉತ್ತರ ಕಂಡುಕೊಂಡಿದ್ದರು.

ವೈದ್ಯರಂತಹ ವೃತ್ತಿಯಲ್ಲಿ ಕರೆ ತಪ್ಪಿಸಲಾಗದು, ಆದರೆ ಕೈಬದಲಾಯಿಸಬಹುದು: ಬುಧವಾರದ ಒಂದೂವರೆ ಗಂಟೆ ನಿಮ್ಮ ಕರೆಗಳನ್ನು ಸಹೋದ್ಯೋಗಿ ನೋಡಿಕೊಳ್ಳಲಿ, ಶುಕ್ರವಾರ ಅವರದನ್ನು ನೀವು. ಒಬ್ಬರೇ ದುಡಿಯುವವರು ಫೋನ್ ಅನ್ನು ಇನ್ನೊಂದು ಕೋಣೆಯಲ್ಲಿಟ್ಟು, ಇಷ್ಟು ಗಂಟೆಗೆ ಮರಳಿ ಕರೆ ಮಾಡುತ್ತೇನೆ ಎಂಬ ಸಂದೇಶ ಹೋಗುವಂತೆ ಮಾಡಲಿ, ಮತ್ತು ಆ ಗಂಟೆಗೆ ತಪ್ಪದೆ ಕರೆ ಮಾಡಲಿ. ಮಾತಿನಂತೆ ಮರಳಿ ಕರೆ ಬರುತ್ತದೆಂದು ಜನರಿಗೆ ನಂಬಿಕೆ ಬಂದರೆ ನಡುವೆ ಕಾಡುವುದಿಲ್ಲ.

ಮೇಲಧಿಕಾರಿಯ ಅನುಮತಿ ಬೇಕಿರುವವರು ‘ಯೋಚಿಸಲು ಸಮಯ ಬೇಕು’ ಎಂದು ಕೇಳಿದರೆ ಮುಗುಳ್ನಗೆಯಷ್ಟೇ ಸಿಗುವ ಸಂಭವ ಹೆಚ್ಚು. ಹೀಗೆ ಕೇಳಿ ನೋಡಿ: ‘ಮೇಡಂ, ಮುಂದಿನ ಮೂರು ತಿಂಗಳ ಗಡುವುಗಳಲ್ಲಿ ಯಾವುದು ಯಾವುದರ ಮೇಲೆ ಬೀಳುತ್ತದೆ ಎಂಬುದನ್ನು ಪ್ರತಿ ಸೋಮವಾರ ನೋಡಿ ನಿಮಗೆ ಒಂದು ಪುಟ ಕೊಡುತ್ತೇನೆ. ಅದಕ್ಕೆ ಒಂಬತ್ತರಿಂದ ಹತ್ತೂವರೆವರೆಗೆ ನನಗೆ ಮೀಟಿಂಗ್ ಇಡಬೇಡಿ.’ ಒಂದು ಪುಟ ಬರುತ್ತದೆ ಎಂದರೆ ಒಂದೂವರೆ ಗಂಟೆ ಕೊಡಲು ಯಾರೂ ಹಿಂಜರಿಯುವುದಿಲ್ಲ.

ಐದನೆಯ ಹೆಜ್ಜೆ: ಪ್ರಶ್ನೆಯೊಂದಿಗೆ ಕುಳಿತುಕೊಳ್ಳಿ

ನನ್ನ ಮೊದಲ ಆರೇಳು ಭೇಟಿಗಳು ವ್ಯರ್ಥವಾದವು. ಬಾಗಿಲು ಮುಚ್ಚಿತ್ತು, ಫೋನ್ ಇರಲಿಲ್ಲ, ಎದುರಿಗೆ ಬಿಳಿ ಹಾಳೆ. ಐದು ನಿಮಿಷ ಕಿಟಕಿಯಾಚೆ ನೋಡಿ, ಮೇಜಿನ ಮೇಲಿನ ಕಾಗದ ಜೋಡಿಸಿ, ಕೊನೆಗೆ ಬಾಕಿ ಉಳಿದ ಪತ್ರಗಳಿಗೆ ಉತ್ತರ ಬರೆಯತೊಡಗುತ್ತಿದ್ದೆ. ಕೆಲಸದ ಗಾಣಕ್ಕೆ ಕಟ್ಟಿದ ಎತ್ತನ್ನು ಬಿಚ್ಚಿದರೂ ಅದು ಅದೇ ಸುತ್ತನ್ನು ಸುತ್ತುತ್ತದೆ. ‘ಕಚೇರಿಯ ಭವಿಷ್ಯ’ ಎಂದು ಹಾಳೆಯ ಮೇಲೆ ಬರೆದುಕೊಂಡದ್ದೂ ಪ್ರಯೋಜನಕ್ಕೆ ಬರಲಿಲ್ಲ, ಏಕೆಂದರೆ ಅದು ಪ್ರಶ್ನೆಯಲ್ಲ, ಬರಿಯ ತಲೆಬರಹ.

ಉಪಯೋಗಕ್ಕೆ ಬರುವ ಪ್ರಶ್ನೆಯ ಲಕ್ಷಣ ಇಷ್ಟೇ: ಅದಕ್ಕೆ ಬರುವ ಉತ್ತರ ನೀವು ನಾಳೆ ಮಾಡುವ ಯಾವುದಾದರೂ ಒಂದು ಕೆಲಸವನ್ನು ಬದಲಿಸುವಂತಿರಬೇಕು. ‘ಹೆಚ್ಚು ರೋಗಿಗಳನ್ನು ಹೇಗೆ ನೋಡುವುದು’ ಎಂಬುದರಿಂದ ಎಲ್ಲಿಗೂ ಹೋಗಲಾಗುವುದಿಲ್ಲ. ‘ಮರುಭೇಟಿಗೆ ಬರುವ ಯಾವ ಬಗೆಯ ರೋಗಿಗಳನ್ನು ದಾದಿಯೇ ನೋಡಿ ಕಳುಹಿಸಬಹುದು’ ಎಂಬುದಕ್ಕೆ ಒಂದೂವರೆ ಗಂಟೆಯಲ್ಲಿ ಉತ್ತರದ ಹತ್ತಿರ ಬರಬಹುದು. ವಕೀಲರೊಬ್ಬರಿಗೆ ‘ನನ್ನ ಕೈಯಲ್ಲಿರುವ ಪ್ರಕರಣಗಳಲ್ಲಿ ಇನ್ನು ಆರು ತಿಂಗಳಲ್ಲಿ ಸಾಕ್ಷಿ ಸಿಗದೆ ಹೋಗಬಹುದಾದದ್ದು ಯಾವುದು’ ಎಂಬ ಪ್ರಶ್ನೆ ವರ್ಷದ ನಿದ್ದೆಯನ್ನು ಉಳಿಸಬಲ್ಲದು. ಯಾವ ವೃತ್ತಿಗೂ ಹೊಂದುವ ಕೆಲವು ಪ್ರಶ್ನೆಗಳನ್ನು ನಾನು ಸರದಿಯಂತೆ ಕೇಳಿಕೊಳ್ಳುತ್ತೇನೆ. ಒಬ್ಬರೇ ಬಲ್ಲ ಕೆಲಸ ನಮ್ಮಲ್ಲಿ ಯಾವುದು, ಅವರು ಒಂದು ತಿಂಗಳು ಬಾರದಿದ್ದರೆ ಏನಾಗುತ್ತದೆ? ಕಳೆದ ಮೂರು ತಿಂಗಳಲ್ಲಿ ಎರಡು ಬಾರಿ ಮಾಡಿದ ತಪ್ಪು ಯಾವುದು? ಯಾವ ಕೆಲಸ ಒಪ್ಪಿಕೊಂಡಿದ್ದಕ್ಕೆ ಈಗ ಪಶ್ಚಾತ್ತಾಪವಿದೆ, ಅದನ್ನು ಒಪ್ಪುವಾಗ ಯಾವ ಸೂಚನೆ ಕಣ್ಣಿಗೆ ಬಿದ್ದಿರಲಿಲ್ಲ?

ಪ್ರಶ್ನೆಗಳು ಬೇಕೆಂದ ಹೊತ್ತಿಗೆ ಹುಟ್ಟುವುದಿಲ್ಲ, ಕೆಲಸದ ನಡುವೆ ಕಿರಿಕಿರಿಯ ರೂಪದಲ್ಲಿ ಬರುತ್ತವೆ. ‘ಇದು ಪ್ರತಿ ಸಲವೂ ಹೀಗೇ ಆಗುತ್ತದಲ್ಲ’ ಎಂದು ಅನ್ನಿಸಿದ ಕೂಡಲೇ ಅದನ್ನು ಡೈರಿಯ ಕೊನೆಯ ಪುಟದಲ್ಲಿ ಬರೆದಿಡಿ. ವಾರದ ಭೇಟಿಗೆ ಮುಂಚಿನ ಸಂಜೆ ಆ ಪುಟ ತೆರೆದು ಒಂದನ್ನು ಮಾತ್ರ ಆರಿಸಿ, ಮಲಗುವ ಮುನ್ನ ಒಮ್ಮೆ ಓದಿಕೊಳ್ಳಿ. ಎರಡನ್ನು ಆರಿಸಬೇಡಿ; ಎರಡು ದೋಣಿಯಲ್ಲಿ ಕಾಲಿಟ್ಟವನ ಕಥೆ ಗೊತ್ತೇ ಇದೆ.

ತೊಂಬತ್ತು ನಿಮಿಷವನ್ನು ಕಳೆಯುವ ರೀತಿ ಹೀಗಿರಲಿ. ಮೊದಲ ಹದಿನೈದು ನಿಮಿಷ ಗೊತ್ತಿರುವ ಸಂಗತಿಗಳನ್ನು, ಅಭಿಪ್ರಾಯ ಬೆರೆಸದೆ, ಕೈಬರಹದಲ್ಲಿ ಪಟ್ಟಿ ಮಾಡಿ. ಮುಂದಿನ ಅರ್ಧ ಗಂಟೆ ಸಾಧ್ಯವಿರುವ ದಾರಿಗಳನ್ನು ಬರೆಯಿರಿ, ಕನಿಷ್ಠ ಮೂರು. ಮೊದಲನೆಯದು ಎಲ್ಲರಿಗೂ ಹೊಳೆಯುವಂಥದ್ದು, ಎರಡನೆಯದು ಅದರ ವಿರುದ್ಧ, ಮೂರನೆಯದನ್ನು ಹುಡುಕುವಾಗಲೇ ನಿಜವಾದ ಯೋಚನೆ ಆರಂಭವಾಗುತ್ತದೆ ಎಂಬುದನ್ನು ಮತ್ತೆಮತ್ತೆ ಕಂಡಿದ್ದೇನೆ. ನಂತರದ ಅರ್ಧ ಗಂಟೆ ನಿಮಗೆ ಸರಿಕಂಡ ದಾರಿಯನ್ನು ನೀವೇ ಕೆಡವಲು ನೋಡಿ. ಇದಕ್ಕೆ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ಬರೆದ ಒಂದು ವಿಧಾನ ಬಹಳ ಚೆನ್ನಾಗಿದೆ: ಯೋಜನೆ ಸೋಲಬಹುದೇ ಎಂದು ಕೇಳುವ ಬದಲು, ಆರು ತಿಂಗಳು ಕಳೆದಿದೆ, ಯೋಜನೆ ಪೂರ್ತಿ ನೆಲಕಚ್ಚಿದೆ ಎಂದೇ ಭಾವಿಸಿಕೊಂಡು, ಅದಕ್ಕೆ ಕಾರಣಗಳೇನು ಎಂದು ಬರೆಯುವುದು. ಸೋಲು ಆಗಿಹೋಗಿದೆ ಎಂದುಕೊಂಡಾಗ ಮನಸ್ಸು ಸಂಕೋಚವಿಲ್ಲದೆ ಕಾರಣಗಳನ್ನು ಕೊಡುತ್ತದೆ.

ಒಮ್ಮೆ ಹೀಗಾಯಿತು. ನಮ್ಮಲ್ಲಿ ಡ್ರಾಯಿಂಗ್ ಪರಿಶೀಲನೆ ಒಬ್ಬರ ಮೇಲೆಯೇ ನಿಂತಿರುವುದನ್ನು ತಪ್ಪಿಸುವುದು ಹೇಗೆ ಎಂಬುದು ಅಂದಿನ ಪ್ರಶ್ನೆ. ಇನ್ನೊಬ್ಬ ಹಿರಿಯ ಎಂಜಿನಿಯರರನ್ನು ನೇಮಿಸಿಕೊಳ್ಳುವುದೆಂದು ನಿರ್ಧರಿಸಿಯಾಗಿತ್ತು. ‘ಆರು ತಿಂಗಳಾಗಿದೆ, ನೇಮಿಸಿದರೂ ಪರಿಸ್ಥಿತಿ ಹಾಗೆಯೇ ಇದೆ, ಏಕೆ?’ ಎಂದು ಬರೆದುಕೊಂಡೆ. ಮೂರನೆಯ ಕಾರಣವಾಗಿ ನನ್ನ ಕೈ ಬರೆದ ಸಾಲು ಇದು: ಹೊಸಬರಿಗೂ ಪರಿಶೀಲಿಸುವುದು ಹೇಗೆಂದು ಗೊತ್ತಾಗಲಿಲ್ಲ, ಏಕೆಂದರೆ ಏನೇನು ನೋಡಬೇಕು ಎಂಬುದು ಎಲ್ಲಿಯೂ ಬರೆದಿಲ್ಲ, ಅದು ಒಬ್ಬರ ತಲೆಯಲ್ಲಿದೆ. ಆ ಸಾಲಿನ ಕೆಳಗೆ ಗೆರೆ ಎಳೆದೆ. ನೇಮಕ ನಿಂತಿತು. ಆ ಹಿರಿಯರೊಂದಿಗೆ ಮೂರು ಸಂಜೆ ಕುಳಿತು ಅವರು ಡ್ರಾಯಿಂಗ್ ನೋಡುವಾಗ ಕಣ್ಣು ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆದುಕೊಂಡೆವು, ಒಂದೂವರೆ ಪುಟವಾಯಿತು. ಈಗ ಇಬ್ಬರು ಕಿರಿಯರು ಅದನ್ನು ಹಿಡಿದು ಮೊದಲ ಸುತ್ತಿನ ಪರಿಶೀಲನೆ ಮಾಡುತ್ತಾರೆ.

ತೊಂಬತ್ತರಲ್ಲಿ ಕೊನೆಯ ಹದಿನೈದು ನಿಮಿಷ ಬರಹಕ್ಕೆ ಮೀಸಲು. ಅದನ್ನು ಏಳನೆಯ ಹೆಜ್ಜೆಯಲ್ಲಿ ಹೇಳುತ್ತೇನೆ.

ಆರನೆಯ ಹೆಜ್ಜೆ: ಸಿಕ್ಕಿಹಾಕಿಕೊಂಡರೆ ಎದ್ದು ನಡೆಯಿರಿ

ಚಾರ್ಲ್ಸ್ ಡಾರ್ವಿನ್ ತನ್ನ ಮನೆಯ ಬಳಿ ಯೋಚಿಸಲೆಂದೇ ಒಂದು ಕಾಲುದಾರಿ ಮಾಡಿಸಿಕೊಂಡು ನಿತ್ಯ ಅದರಲ್ಲಿ ಸುತ್ತು ಹಾಕುತ್ತಿದ್ದ. ಗಣಿತಜ್ಞ ಆನ್ರಿ ಪ್ವಾಂಕರೆಗೆ ವಾರಗಟ್ಟಲೆ ಕಾಡಿದ ಸಮಸ್ಯೆಯ ಹೊಳಹು ಸಿಕ್ಕಿದ್ದು ಪ್ರವಾಸದಲ್ಲಿದ್ದಾಗ, ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ. ಇಬ್ಬರೂ ಅದಕ್ಕೆ ಮುನ್ನ ಮೇಜಿನ ಮುಂದೆ ದೀರ್ಘಕಾಲ ದುಡಿದಿದ್ದರು ಎಂಬುದನ್ನು ಮರೆಯುವಂತಿಲ್ಲ. ಪಟ್ಟಿ ಬರೆದು, ದಾರಿಗಳನ್ನು ಹುಡುಕಿ, ಮುಂದೆ ಹೋಗಲಾಗದೆ ನಿಂತಾಗ ಇಪ್ಪತ್ತು ನಿಮಿಷ ನಡೆಯುವುದರಲ್ಲಿ ಅರ್ಥವಿದೆ. ಕಿವಿಯಲ್ಲಿ ಏನನ್ನೂ ಸಿಕ್ಕಿಸಿಕೊಳ್ಳದೆ, ಜೇಬಿನಲ್ಲಿ ಚೀಟಿ ಮತ್ತು ಪೆನ್ನು ಇಟ್ಟುಕೊಂಡು.

ಏಳನೆಯ ಹೆಜ್ಜೆ: ಯೋಚಿಸಿದ್ದನ್ನು ಕ್ಯಾಲೆಂಡರಿಗೆ ಇಳಿಸಿ

ಪ್ರತಿ ಭೇಟಿಯ ಕೊನೆಗೆ ನಾಲ್ಕು ಸಾಲು ಬರೆಯಿರಿ: ನಿರ್ಧರಿಸಿದ್ದೇನು, ಮೊದಲ ಕೆಲಸ ಯಾವುದು, ಅದನ್ನು ಮಾಡುವವರು ಯಾರು, ಯಾವ ದಿನದೊಳಗೆ. ನಿರ್ಧಾರಕ್ಕೆ ಬರಲಾಗದಿದ್ದರೆ ಯಾವ ಮಾಹಿತಿ ಸಿಕ್ಕರೆ ಬರಬಹುದು ಎಂದಾದರೂ ಬರೆಯಿರಿ, ಅದನ್ನು ತರುವವರ ಹೆಸರಿನೊಂದಿಗೆ. ದಿನಾಂಕ ಹಾಕುವಾಗ ಮೊದಲ ಹೆಜ್ಜೆಯಲ್ಲಿ ಸಿಕ್ಕ ನಿಮ್ಮ ಗುಣಕವನ್ನು ಬಳಸಿ. ನಾಲ್ಕು ದಿನ ಅನ್ನಿಸಿದರೆ ನಾನು ಆರು ಬರೆಯುತ್ತೇನೆ.

ಮೂರು ತಿಂಗಳಿಗೊಮ್ಮೆ ಸಿಗುವ ಅರ್ಧ ದಿನದಲ್ಲಿ ಈ ನಾಲ್ಕು ಸಾಲುಗಳ ಹಾಳೆಗಳನ್ನೆಲ್ಲ ಒಟ್ಟಿಗೆ ಹರಡಿ ಓದಿ. ಜೊತೆಗೆ ಮುಂದಿನ ಹನ್ನೆರಡು ವಾರಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಬರೆದು, ಗಡುವುಗಳನ್ನು ಒಂದು ಬಣ್ಣದಲ್ಲಿ, ಜನರ ರಜೆಗಳನ್ನು ಇನ್ನೊಂದು ಬಣ್ಣದಲ್ಲಿ ಗುರುತಿಸಿ. ಎರಡೂ ಬಣ್ಣ ಒಂದೇ ವಾರದಲ್ಲಿ ಸೇರಿದಲ್ಲಿ ಏನು ಮಾಡಬೇಕೆಂಬುದನ್ನು ಅಂದೇ ತೀರ್ಮಾನಿಸಿ. ನಾನು ಆರಂಭದಲ್ಲಿ ಹೇಳಿದ ಅನಾಹುತ ಈ ಒಂದು ಹಾಳೆಯಿಂದ ತಪ್ಪುತ್ತಿತ್ತು.

ಮಾಡಿದ ಯೋಜನೆ ಹಾಗೆಯೇ ನಡೆಯುತ್ತದೆ ಎಂಬ ಭ್ರಮೆ ಬೇಡ. ಎರಡನೆಯ ಮಹಾಯುದ್ಧದಲ್ಲಿ ಸೇನೆ ನಡೆಸಿ ಮುಂದೆ ಅಮೆರಿಕದ ಅಧ್ಯಕ್ಷರಾದ ಐಸೆನ್‌ಹೋವರ್ 1957ರ ಒಂದು ಭಾಷಣದಲ್ಲಿ, ಯೋಜನೆಗಳಿಗೆ ಬೆಲೆಯಿಲ್ಲ, ಯೋಜಿಸುವ ಕೆಲಸಕ್ಕೇ ಬೆಲೆ ಎಂಬರ್ಥದ ಮಾತು ಹೇಳಿದ್ದರು. ತುರ್ತು ಬಂದಾಗ ಕಾಗದದ ಮೇಲಿನ ಯೋಜನೆ ಹಾರಿಹೋಗುತ್ತದೆ, ಅದನ್ನು ಮಾಡುವಾಗ ತಿಳಿದುಕೊಂಡದ್ದು ಕೈಯಲ್ಲಿ ಉಳಿಯುತ್ತದೆ.

ಸಮಯ ನಿಮ್ಮ ಕೈಯಲ್ಲಿಲ್ಲದಿದ್ದರೆ

ಪಾಳಿಯ ಮೇಲೆ ದುಡಿಯುವ ದಾದಿಯರು, ತರಗತಿಯಿಂದ ತರಗತಿಗೆ ಓಡುವ ಶಿಕ್ಷಕರು, ಹೊಸದಾಗಿ ಕೆಲಸಕ್ಕೆ ಸೇರಿದವರು ತೊಂಬತ್ತು ನಿಮಿಷವನ್ನು ಕನಸಿನಲ್ಲೂ ಕಾಣಲಾರರು. ಅವರು ಹದಿನೈದು ನಿಮಿಷದಿಂದ ಆರಂಭಿಸಲಿ: ಪಾಳಿ ಮುಗಿದ ಕೂಡಲೇ, ಮನೆಗೆ ಹೊರಡುವ ಮುನ್ನ, ಒಂದೇ ಪ್ರಶ್ನೆ, ಒಂದೇ ಪುಟ. ಪ್ರಯಾಣದ ಹೊತ್ತನ್ನೂ ಬಳಸಬಹುದು, ಪ್ರಶ್ನೆ ಮೊದಲೇ ಜೇಬಿನಲ್ಲಿದ್ದರೆ ಮಾತ್ರ. ವಾರದಲ್ಲಿ ನಾಲ್ಕು ಬಾರಿಯಾದರೂ ಒಂದು ಗಂಟೆಯಾಗುತ್ತದೆ.

ಆದರೆ ಒಂದು ವಾರದ ಲೆಕ್ಕದಲ್ಲಿ ಬಹುಪಾಲು ನೀವೇ ಮಾಡಬೇಕಾದ ಕೆಲಸವೇ ತುಂಬಿದ್ದು, ಅದೂ ಕೆಲಸದ ಅವಧಿಯನ್ನು ಮೀರಿ ಹೋಗಿದ್ದರೆ, ಈ ಯಾವ ಹೆಜ್ಜೆಯೂ ನೆರವಿಗೆ ಬರುವುದಿಲ್ಲ. ಅಲ್ಲಿರುವುದು ಹೊರೆಯ ಸಮಸ್ಯೆ. ಲೆಕ್ಕದ ಪುಟಗಳನ್ನೇ ಹಿಡಿದು ಮೇಲಿನವರ ಬಳಿ ಹೋಗಿ, ಇವುಗಳಲ್ಲಿ ಯಾವುದನ್ನು ಬಿಡಲಿ ಎಂದು ಕೇಳಿ. ‘ಕೆಲಸ ಜಾಸ್ತಿ’ ಎಂಬ ದೂರಿಗಿಂತ ಗಂಟೆಗಳ ಪಟ್ಟಿಗೆ ಉತ್ತರ ಕೊಡುವುದು ಅವರಿಗೂ ಸುಲಭ.

ಅಭ್ಯಾಸ ತಪ್ಪಿದಾಗ

ತಪ್ಪಿಯೇ ತಪ್ಪುತ್ತದೆ. ನನ್ನದು ವರ್ಷಕ್ಕೆ ಎರಡು ಮೂರು ಬಾರಿ ಕಡಿದುಹೋಗುತ್ತದೆ, ಸಾಮಾನ್ಯವಾಗಿ ದೊಡ್ಡ ಗಡುವೊಂದು ಮುಗಿದ ಬೆನ್ನಿಗೆ. ಆಗ ತೊಂಬತ್ತು ನಿಮಿಷಕ್ಕೆ ನೇರವಾಗಿ ಮರಳಲು ಹೋಗಬೇಡಿ. ಮೊದಲ ವಾರ ಮೂವತ್ತು ನಿಮಿಷ ಸಾಕು. ಆ ಮೂವತ್ತು ನಿಮಿಷಕ್ಕೆ ಪ್ರಶ್ನೆಯನ್ನು ಹುಡುಕಬೇಕಾದ ತೊಂದರೆಯೂ ಇಲ್ಲ. ಕೊನೆಯ ಭೇಟಿ ಯಾವ ದಿನ ನಡೆದಿತ್ತು, ಅದರ ಮುಂದಿನ ವಾರ ಆ ಗಂಟೆಯನ್ನು ಯಾವ ಕೆಲಸ ನುಂಗಿತು, ಆ ಕೆಲಸ ನಮ್ಮ ಗೋಡೆಯ ಮೇಲಿನ ಮೂರು ಸಾಲುಗಳಲ್ಲಿ ಯಾವುದರಡಿ ಬರುತ್ತಿತ್ತು ಎಂದು ಡೈರಿ ತಿರುವಿ ನೋಡಿ. ನಾನು ನೋಡಿದಾಗಲೆಲ್ಲ ಅದು ಯಾವ ಸಾಲಿನಡಿಯೂ ಬಂದಿರಲಿಲ್ಲ.